ಕಮಲಾಪುರದಿಂದ ಬಂದ ಡಬ್ಬಿಗಳು

ರಂಜಾನ್ ಹಬ್ಬದ ದಿನ ಕೆಳಗಿನ ಮನೆಯ ಆಪಾ ಕೊಟ್ಟು ಕಳಿಸಿದ ಸ್ಟೀಲಿನ ಡಬ್ಬಿ ಮೂರು ದಿನ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿತ್ತು. ಒಳಗಿದ್ದ ಶೀರ್‌ಖುರ್ಮಾ ಅಂದೇ ಖಾಲಿಯಾಯಿತು. ಅದರಲ್ಲಿ ನಾನು ಸಂಕೋಚವೇನೂ ಪಡಲಿಲ್ಲ. ತಳಕ್ಕೆ ಅಂಟಿದ ಖರ್ಜೂರವನ್ನೂ ಬೆರಳಿನಿಂದ ಬಳಿದು ತಿಂದೆ. ತೊಂದರೆ ಶುರುವಾದದ್ದು ಡಬ್ಬಿ ತೊಳೆದಿಟ್ಟ ಮೇಲೆ. ಹಬ್ಬಕ್ಕೆ ಎಂಟು ದಿನ ಮೊದಲು, ಎರಡೂ ಮನೆಗೆ ಸೇರಿದ ಟಾಕಿಯ ನೀರು ಖಾಲಿಯಾಯಿತೆಂದು ಇದೇ ಆಪಾನ ಮೇಲೆ ನಾನು ಮೆಟ್ಟಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದೆ. ನಮ್ಮ ಬಚ್ಚಲಿನ ನಲ್ಲಿಯೇ ತೆರೆದಿತ್ತೆಂದು ಆಮೇಲೆ ಗೊತ್ತಾಯಿತು. ಗೊತ್ತಾದರೇನು, ಹೋಗಿ ಹೇಳಲು ಬಾಯಿ ಬರಬೇಕಲ್ಲ! ಅಷ್ಟರಲ್ಲಿ ಡಬ್ಬಿ ಬಂತು. ಈಗ ಇದರಲ್ಲಿ ಏನು ಹಾಕಿ ಕೊಡಲಿ?

ನಮ್ಮ ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಬಿ ಬಂದ ಡಬ್ಬಿಯನ್ನು ಖಾಲಿ ಮರಳಿಸುವುದೆಂದರೆ ಮಾನಗೇಡು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಬೀಳಬೇಕು. ಈ ರೋಗ ನನಗೆ ನೇರ ನಮ್ಮವ್ವನಿಂದ ಬಂದದ್ದು.

ಎಂಬತ್ತರ ದಶಕದಲ್ಲಿ ನಾವು ಬ್ರಹ್ಮಪುರದ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಮ್ಮದು ಕ್ರೈಸ್ತರ ಮನೆ. ಅವ್ವ ಪ್ರತಿ ಶನಿವಾರ ಚರ್ಚು ಗುಡಿಸುವಳು, ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆಯನ್ನು ಗಂಜಿ ಹಾಕಿ ಇಸ್ತ್ರಿ ಮಾಡುವಳು. ಆದರೆ ಆ ಮೇಜಿನ ರೊಟ್ಟಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಉಳಿದವರೆಲ್ಲ ಎದ್ದು ಮುಂದೆ ಹೋಗುವಾಗ ಅವಳು ಹಿಂದಿನ ಬಾಗಿಲಿನಿಂದ ಹೊರಗೆ ಬಂದು, ಬಿಟ್ಟ ಚಪ್ಪಲಿಗಳನ್ನು ಜೋಡಿಸುತ್ತಾ ನಿಲ್ಲುತ್ತಿದ್ದಳು.

ಕಾರಣ ಕಮಲಾಪುರದಲ್ಲಿತ್ತು. ಅಲ್ಲಿ ಅವ್ವನ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಬಾಳೆತೋಟಗಳಲ್ಲಿ ಕೂಲಿ ಮಾಡಿಕೊಂಡು ಅವರಿಬ್ಬರ ತಾಯಿಯಾದ ನಮ್ಮ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಳು. ದೊಡ್ಡವ್ವನ ಮಗನ ಮದುವೆಯಲ್ಲಿ ತನಗೆ ಉಡಿಸಿದ ಸೀರೆ ಹಗುರದ್ದಾಯಿತೆಂದು ಅವ್ವ ಮುನಿಸಿಕೊಂಡು ಬಂದಿದ್ದಳು. ಅದೇ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ದೊಡ್ಡವ್ವ ಮೂರು ಸಲ ಹೇಳಿ ಕಳಿಸಿದಳು. ಬಸ್ಸಿನಲ್ಲಿ ಕುಳಿತರೆ ತಾಸಿನ ದಾರಿ, ಅವ್ವ ಹೋಗಲಿಲ್ಲ. ಕೊನೆಗೆ ಹೋದಾಗ ಗೋರಿಗೆ ಮಣ್ಣು ಎಳೆದಾಗಿತ್ತು. ದೊಡ್ಡವ್ವ ಒಂದು ಮಾತೂ ಬೈಯಲಿಲ್ಲವಂತೆ. ಬೈದಿದ್ದರೆ ಅವ್ವ ತಿರುಗಿ ಬೈದು, ಅತ್ತು, ಹಗುರಾಗುತ್ತಿದ್ದಳೇನೋ.

ಬೈಗುಳದ ಬದಲು ಆ ವರ್ಷ ಕ್ರಿಸ್ಮಸ್ಸಿಗೆ ಒಂದು ಡಬ್ಬಿ ಬಂತು. ಒಳಗೆ ಶೇಂಗಾ ಹೋಳಿಗೆ, ಮೇಲೆ ಎರಡು ಕೆಂಪು ಬಾಳೆಹಣ್ಣು. ಅವ್ವ ನಮಗೆ ಹಂಚಿದಳು, ತಾನು ತಿನ್ನಲಿಲ್ಲ. ಡಬ್ಬಿ ತೊಳೆದು ಗೋಡೆಯ ಮಾಡದಲ್ಲಿಟ್ಟಳು. "ಇದರಾಗ ಏನ್ ಹಾಕಿ ಕಳಸ್ಲಿ? ಏನ್ ಹಾಕಿದ್ರ ಸರಿ ಹೋಗ್ತದ?" ಎಂದು ತನ್ನಷ್ಟಕ್ಕೇ ಅಂದಳು. ಸರಿಹೋಗುವಂಥದ್ದು ಏನೂ ಸಿಗಲಿಲ್ಲ. ಮರುವರ್ಷ ಇನ್ನೊಂದು ಡಬ್ಬಿ ಬಂತು. ಹೀಗೆ ಆರು ವರ್ಷ. ಮೊದಲಿನವು ಒಳ್ಳೆಯ ಸ್ಟೀಲಿನವು, ಆಮೇಲೆ ಸೊಟ್ಟಗಾದ ಜರ್ಮನ್, ಅಂದರೆ ಅಲ್ಯುಮಿನಿಯಂ, ಡಬ್ಬಿ, ಆರನೆಯದು ತಗಡಿನ ಎಣ್ಣೆ ಡಬ್ಬಿ. ಡಬ್ಬಿಗಳ ದರ್ಜೆ ಯಾಕೆ ಇಳಿಯುತ್ತಿದೆ ಎಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಕೋ ಬೇಡವೋ!

ಹೊಳೆಯಬೇಕಾದವಳು ನಾನು, ಏಕೆಂದರೆ ಮನೆಯ ಪಂಡಿತೆ ನಾನೇ. ಮನುಷ್ಯನ ಯಾವ ಕೆಲಸವೂ ಅವನನ್ನು ರಕ್ಷಿಸಲಾರದು, ದೇವರು ಬರಿಯ ಕೃಪೆಯಿಂದ ಕೊಟ್ಟದ್ದನ್ನು ನಂಬಿ ತೆಗೆದುಕೊಳ್ಳುವುದಷ್ಟೇ ನಮ್ಮ ಪಾಲಿನದು ಎಂಬ ಅಧ್ಯಾಯವನ್ನು ಸಂಡೇ ಸ್ಕೂಲಿನಲ್ಲಿ ಒಂದೂ ತಪ್ಪಿಲ್ಲದೆ ಒಪ್ಪಿಸಿ ಮೊದಲ ಬಹುಮಾನವಾಗಿ ತಟ್ಟೆ ಗೆದ್ದಿದ್ದೆ. ನನ್ನ ಸ್ವಂತ ಪರಾಕ್ರಮದಿಂದ ಗಳಿಸಿದ ಆ ತಟ್ಟೆಯಲ್ಲಿ ಬೇರೆ ಯಾರಿಗೂ ಊಟ ಮಾಡಲು ಬಿಡುತ್ತಿರಲಿಲ್ಲ.

ನಮ್ಮ ಪಾದ್ರಿಗಳನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದೆವು. ಒಂದು ಸಲ ಅವರು ಮನೆಗೆ ಬಂದಾಗ ಅವ್ವನಿಗೆ ನೇರವಾಗಿಯೇ ಕೇಳಿದರು: "ಅಲ್ಲಮ್ಮಾ, ಎಷ್ಟು ವರ್ಷ ಗುಡಿಸಿದ್ರ ದೇವರು ಮಾಫ್ ಮಾಡ್ತಾನ ಅಂತ ಮಾಡೀರಿ? ಅಂವ ಕೊಟ್ಟಾಗ್ಯಾದ. ಕೈ ಚಾಚೋದೊಂದು ಬಾಕಿ."

ಅವ್ವ ಚಹಾದ ಬಸಿ ಒರೆಸುತ್ತಾ ಹೇಳಿದಳು: "ಖರೇ ಅದರೀ ಅಯ್ಯನವ್ರ, ನೀವು ಹೇಳೂದು ಒಂದಕ್ಷರ ಸುಳ್ಳಲ್ಲ. ಆದ್ರ ನಮ್ಮವ್ವನ ಬಾಯಿಗೆ ಹನಿ ನೀರು ಬಿಡಲಾರದ ಕೈ ಇವು. ಇವನ್ನ ಚಾಚಿ ಪುಗಸಟ್ಟೆ ಹ್ಯಾಂಗ ಇಸಕೊಳ್ಲಿ?"

ಅಯ್ಯನವರು ಚಹಾ ಕುಡಿದು ಹೋದರು.

ಏಳನೆಯ ಕ್ರಿಸ್ಮಸ್ಸಿನ ಹಿಂದಿನ ದಿನ, ಬೆಳಗಿನ ಬಸ್ಸಿಗೆ ದೊಡ್ಡವ್ವ ತಾನೇ ಬಂದಿಳಿದಳು. ಬಗಲಲ್ಲಿ ಹಳೆಯ ಸೀರೆಯ ಗಂಟು. "ಯಾಕಕ್ಕಾ, ಹೇಳಲಾರ್ದ ಬಂದಿ?" ಎಂದಳು ಅವ್ವ.

"ಏನ್ ಮಾಡ್ಲಿ ತಂಗೀ, ನನ್ನ ಮನ್ಯಾಗ ಒಂದ್ ಡಬ್ಬಿ ಉಳದಿಲ್ಲ. ಹೋದ ವರ್ಷ ಎಣ್ಣಿ ಡಬ್ಬಿ ತೊಳದು ಕಳಸ್ದೆ. ಈ ವರ್ಷ ಅದೂ ಇಲ್ಲ. ಹೋಳಿಗಿ ಗಂಟ ಕಟ್ಕೊಂಡು ನಾನೇ ಬಂದೀನಿ. ತಾ ನನ್ನ ಡಬ್ಬಿ."

ನಾನು ಕಿಸಕ್ಕನೆ ನಕ್ಕೆ. ಅವ್ವ ನಗಲಿಲ್ಲ. ಆರೂ ಡಬ್ಬಿ ಇಳಿಸಿ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ತೊಗರಿಬೇಳೆ, ಒಂದರಲ್ಲಿ ಗೋದಿ ಎಂದು ಗಡಬಡಿಸಿ ತುಂಬತೊಡಗಿದಳು. ದೊಡ್ಡವ್ವ ಒಂದೊಂದನ್ನೇ ತೆಗೆದುಕೊಂಡು ಕಾಳು ಕೇರುವ ಮೊರದೊಳಗೆ ಬೋರಲು ಹಾಕಿದಳು. ಬೇಳೆ, ಸಕ್ಕರೆ, ಗೋದಿ ಎಲ್ಲ ಕಲೆತುಹೋಯಿತು.

"ಖಾಲಿನೇ ಕೊಡು."

"ಖಾಲಿ ಕೊಡ್ಲಾಕ ನನಗ ನಾಚಿಕಿ ಬರ್ತದಕ್ಕಾ."

"ಬರ್ಲಿ. ನೀ ತುಂಬಿ ಕೊಟ್ರ ಬರೋ ವರ್ಷ ನಾ ಹೋಳಿಗಿ ಎದರಾಗ ಹಾಕ್ಲಿ, ಹುಚ್ಚೀ?"

ಅವ್ವ ಅಲ್ಲೇ ಕುಸಿದು ಕುಳಿತು ಹೋ ಎಂದು ಅತ್ತಳು. "ನಾ ಬರಲಿಲ್ಲಕ್ಕಾ. ಅವ್ವ ಸಾಯೂ ಮುಂದ ನಾ ಬರಲಿಲ್ಲ."

"ಬರಲಿಲ್ಲ, ಹೌದು. ನನಗೂ ಸಿಟ್ಟ ಇತ್ತು. ಮೊದಲನೇ ವರ್ಷ ಅಳಕೋತನೇ ಹೋಳಿಗಿ ಲಟ್ಟಿಸೀನಿ. ಆದ್ರ ಕಳಿಸಿದ್ದು ನೀ ನನ್ನ ತಂಗಿ ಅಂತ. ನೀ ಏನರ ವಾಪಸ್ ಕೊಡ್ತಿ ಅಂತಲ್ಲ." ಹೀಗೆಂದು ಗಂಟು ಬಿಚ್ಚಿ, ಒಂದು ಹೋಳಿಗೆ ಮುರಿದು ಅವ್ವನ ಬಾಯಿಗೆ ಇಟ್ಟಳು. ಆರು ವರ್ಷದಲ್ಲಿ ಅವ್ವ ತಿಂದ ಮೊದಲ ಹೋಳಿಗೆ ಅದು.

ಹಬ್ಬ ಮುಗಿಸಿ ದೊಡ್ಡವ್ವ ಹೊರಟಾಗ, ಚೀಲದಲ್ಲಿ ಆರು ಖಾಲಿ ಡಬ್ಬಿ ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಹೋದವಳು ನಾನು. ಹೆಜ್ಜೆಗೊಮ್ಮೆ ಅವು ಢಣಢಣ ಎಂದು ಊರಿಗೆಲ್ಲ ಸಾರುತ್ತಿದ್ದವು. ಅವ್ವ ಹಿಂದೆ ಬರುತ್ತಿದ್ದಳು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.

ಹೊಸ ವರ್ಷದ ಮೊದಲ ಭಾನುವಾರ ಭೋಜನದ ಹೊತ್ತಿಗೆ ನಾನು ವಾಡಿಕೆಯಂತೆ ಹಿಂದಿನ ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಅವ್ವ ಮುಂದೆ ಮೊಣಕಾಲೂರಿದ್ದಳು. ಎರಡೂ ಅಂಗೈ ಬಿಚ್ಚಿ ಹಿಡಿದಿದ್ದಳು. ಅಯ್ಯನವರು ಅವಳ ಮುಂದೆ ಒಂದು ಗಳಿಗೆ ನಿಂತು, ರೊಟ್ಟಿಯ ತುಣುಕು ಇಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ನಾನು ಗಿಣಿಯಂತೆ ಒಪ್ಪಿಸಿದ ಅಧ್ಯಾಯ ನನಗೆ ಅರ್ಥವಾದದ್ದು ಆವತ್ತು. ಆಮೇಲೆ ಅವ್ವ ಚರ್ಚು ಗುಡಿಸುವುದನ್ನು ಬಿಟ್ಟಳೇ ಅನ್ನುತ್ತೀರಾ? ಎಲ್ಲಿಂದ! ಗುಡಿಸಿದಳು, ಆದರೆ ಈಗ ಹಾಡಿಕೊಳ್ಳುತ್ತಾ ಗುಡಿಸುತ್ತಿದ್ದಳು.

ಇಷ್ಟೆಲ್ಲ ಕಂಡವಳು ನಾನು, ಇವತ್ತು ಬೆಳಿಗ್ಗೆ ಆಪಾನ ಡಬ್ಬಿಗೆ ಗೋಡಂಬಿ ಸುರಿಯುತ್ತಿದ್ದೆ, ನೋಡಿ. ಅದೂ ಒಳ್ಳೆಯ ದಪ್ಪನೆಯ ಗೋಡಂಬಿ, ನಾನು ಕೂಗಾಡಿದ್ದನ್ನು ಮುಚ್ಚುವಷ್ಟು. ಅರ್ಧ ತುಂಬಿದ ಮೇಲೆ ಕೈ ನಿಂತಿತು. ಎಲ್ಲವನ್ನೂ ತಿರುಗಿ ಭರಣಿಗೆ ಸುರಿದು, ಡಬ್ಬಿ ಒರೆಸಿ, ಕೆಳಗಿಳಿದೆ.

"ಆಪಾ, ನಲ್ಲಿ ನಮ್ಮದೇ ತೆರೆದಿತ್ರೀ. ಸುಮ್ನ ನಿಮಗ ಬೈದೆ. ತಪ್ಪಾತು." ಡಬ್ಬಿ ಮುಂದೆ ಹಿಡಿದೆ. "ಖಾಲಿನೇ ತಂದೀನ್ರೀ."

ಆಪಾ ಡಬ್ಬಿ ಇಸಕೊಂಡು ಮುಚ್ಚಳ ತೆಗೆದೂ ನೋಡಲಿಲ್ಲ. "ನಲ್ಲೀದು ನನಗ ಅವತ್ತೇ ಮಾಲೂಮಿತ್ತು," ಎಂದರು. "ಒಳಗ ಬರ್ರಿ, ಚಾ ಆಗ್ಯಾದ."

ಗೊತ್ತಿದ್ದೂ ಕಳಿಸಿದ್ದರು! ಒಳಗೆ ಹೋಗಿ ಕುಳಿತೆ. 'ನಾಳೆ ನೀವೇ ನಮ್ಮ ಮನೆಗೆ ಚಹಾಕ್ಕೆ ಬರಬೇಕು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ಎರಡೂ ಕೈಯಿಂದ ಬಸಿ ಹಿಡಿದು, ಅವರು ಕೊಟ್ಟ ಚಹಾ ಪೂರ್ತಿ ಕುಡಿದೆ.