ಹಿಂಗಚ್ಚೆ

ಪೆರಂಬೂರಿನ ಆ ಕನ್ನಡದವರ ಮನೆಯಲ್ಲಿ ಹಬ್ಬ ಬಂದರೆ ಹೆಂಗಸರು ಒಬ್ಬರಾದ ಮೇಲೊಬ್ಬರು ಶ್ರೀಪ್ರಿಯಾಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಒಂಬತ್ತು ಗಜದ ಸೀರೆಯಲ್ಲಿ ಮುಂದಿನ ನೆರಿಗೆಯನ್ನು ಯಾರಾದರೂ ಹಿಡಿದುಕೊಂಡಾರು, ಹಿಂದಿನ ಕಚ್ಚೆ ಮಾತ್ರ ಅವಳ ಕೈಯಲ್ಲೇ ಕೂರಬೇಕು. ಅವಳು ಮನೆಯ ಕಿರಿಯ ಸೊಸೆ, ಕಿಟ್ಟುವಿನ ಹೆಂಡತಿ. ಹಿರಿಯ ಸೊಸೆ ರಂಜನಿ ಯಾವಾಗಲೂ ಎಲ್ಲರದೂ ಮುಗಿದ ಮೇಲೆ, ಕೋಣೆ ಖಾಲಿಯಾದ ಮೇಲೆ ನಿಲ್ಲುತ್ತಿದ್ದಳು.

ಶ್ರೀಪ್ರಿಯಾಳ ಬೆರಳು ಮಡಿಸುತ್ತಿತ್ತು, ಎಳೆಯುತ್ತಿತ್ತು, ಸೊಂಟಕ್ಕೆ ಸಿಕ್ಕಿಸುತ್ತಿತ್ತು. ಆಮೇಲೆ ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಆ ಸುಮ್ಮನಿರುವಿಕೆ ರಂಜನಿಗೆ ಗೊತ್ತು. ಬಟ್ಟೆ ಅವಳ ಹಿಂಭಾಗದಲ್ಲಿ ಯಾವ ತಿರುವೂ ಸಿಗದೆ, ಗೋಡೆಗೆ ಒಣಹಾಕಿದ ಪಂಚೆಯಂತೆ ನೇರ ಇಳಿಯುತ್ತಿತ್ತು.

"ನಿಮಗೆ ಸುಮ್ಸುಮ್ನೆ ಜಾರುತ್ತೆ ಅಕ್ಕಾ, ಒಂದು ಪಿನ್ ಹಾಕ್ಬಿಡ್ತೀನಿ" ಎಂದು ಶ್ರೀಪ್ರಿಯಾ ನಗುತ್ತಿದ್ದಳು. ಆ ಮನೆಯಲ್ಲಿ ಕಚ್ಚೆಗೆ ಪಿನ್ ಬೇಕಾದವಳು ರಂಜನಿ ಒಬ್ಬಳೇ.

ರಂಜನಿ ಅಂಬತ್ತೂರಿನ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದಳು. ಬೆಳಿಗ್ಗೆ ಎಲೆಕ್ಟ್ರಿಕ್ ರೈಲಿನಲ್ಲಿ ಹೋಗಿ, ದಿನವಿಡೀ ಕುರ್ಚಿಯಲ್ಲಿ ಕೂತು, ಸಂಜೆ ಮರಳುವವಳು. ಕಚೇರಿಯಲ್ಲಿ ಅವಳ ಮಾತಿಗೆ ತೂಕವಿತ್ತು. ಮನೆಯಲ್ಲೂ ಇತ್ತು, ಕಳೆದ ಗೋಕುಲಾಷ್ಟಮಿಯವರೆಗೆ. ಅಂದು ಶ್ರೀಪ್ರಿಯಾ ಚಕ್ಕುಲಿಯ ತಟ್ಟೆ ಹಿಡಿದು ನಡುಮನೆಯಿಂದ ದೇವರ ಮನೆಗೆ ಹೋಗುತ್ತಿದ್ದಾಗ ಅತ್ತೆ ಕೌಸಲ್ಯಾ, ಕಚ್ಚೆ ಅಂದರೆ ಹೀಗಿರಬೇಕು, ಇವಳು ಬೆನ್ನು ತಿರುಗಿಸಿ ಹೋದರೂ ಮುಖ ನೋಡಿದ ಹಾಗೇ ಇರುತ್ತೆ ಎಂದಿದ್ದರು. ಎಲ್ಲರೂ ನಕ್ಕರು. ರಂಜನಿಯ ಗಂಡ ವಿಠ್ಠಲ ನಗಲಿಲ್ಲ, ಹೌದೆಂಬಂತೆ ತಲೆಯಾಡಿಸಿದ. ನಕ್ಕಿದ್ದರೆ ಅವಳು ಮರೆಯುತ್ತಿದ್ದಳೇನೋ.

ಮಗ ಸಮೀರನ ಮುಂಜಿಗೆ ಮುಹೂರ್ತ ಇಟ್ಟ ವಾರವೇ ಅವಳು ಅಣ್ಣಾನಗರದ ಒಂದು ಕ್ಲಿನಿಕ್ಕಿಗೆ ಯಾರಿಗೂ ಹೇಳದೆ ಹೋದಳು. ಮುಂಜಿಯ ದಿನ ಛತ್ರದ ತುಂಬ ನೆಂಟರು, ಎರಡೆರಡು ಕ್ಯಾಮೆರಾ, ಅವುಗಳ ಮುಂದೆ ಇಬ್ಬರು ಸೊಸೆಯರ ಓಡಾಟ. ಅಷ್ಟರೊಳಗೆ ಏನಾದರೂ ಆಗಬೇಕಿತ್ತು. ಡಾಕ್ಟರಮ್ಮ ಎಂಥ ಆಕಾರ ಬೇಕೆಂದು ಕೇಳಿದಾಗ ರಂಜನಿ ಫೋನು ತೆಗೆದು ಒಂದು ಚಿತ್ರ ತೋರಿಸಿದಳು. ಅಷ್ಟಮಿಯ ದಿನ ಹಿಂದಿನಿಂದ ಕದ್ದು ತೆಗೆದ, ಮುಖವಿಲ್ಲದ ಶ್ರೀಪ್ರಿಯಾ.

ಡಾಕ್ಟರಮ್ಮ ಫೋನನ್ನು ಮೆಲ್ಲಗೆ ಅವಳ ಕಡೆಗೇ ತಿರುಗಿಸಿಟ್ಟರು. ಇದು ಬೇರೆಯವರ ಮೈ, ನಿಮ್ಮ ಮೈಗೆ ಏನು ಸಾಧ್ಯವೋ ಅದನ್ನು ಮಾತಾಡೋಣ ಎಂದರು. ಮೊದಲು ವ್ಯಾಯಾಮದ ಮಾತು ಬಂತು. ರಂಜನಿ ಅದನ್ನು ಉತ್ತರವೆಂದೇ ಎಣಿಸಲಿಲ್ಲ. ಶಸ್ತ್ರಚಿಕಿತ್ಸೆಯಾದರೆ ಹೊಟ್ಟೆ ತೊಡೆಗಳ ಕೊಬ್ಬನ್ನು ನಳಿಗೆಯಿಂದ ಎಳೆದು ನಿತಂಬಕ್ಕೆ ತುಂಬುವುದು. ನಿಮ್ಮಲ್ಲಿ ಕೊಬ್ಬೇ ಕಡಿಮೆ, ಬರುವುದೂ ಅಷ್ಟಕ್ಕಷ್ಟೇ. ಕೊಬ್ಬು ರಕ್ತನಾಳಕ್ಕೆ ಸೇರಿದರೆ ಜೀವಕ್ಕೇ ಅಪಾಯ, ಅಪರೂಪವಾದರೂ ಹೇಳದೆ ಬಿಡುವಂತಿಲ್ಲ. ಆಮೇಲೆ ಕೆಲವು ವಾರ ಅದರ ಮೇಲೆ ಭಾರ ಬಿಟ್ಟು ಕೂರುವಂತಿಲ್ಲ, ಬೋರಲು ಮಲಗಬೇಕು. ಇಂಜೆಕ್ಷನ್ನಾದರೆ ಅಂದೇ ಮನೆಗೆ ಹೋಗಬಹುದು. ಆದರೆ ಆಕಾರ ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ, ಮತ್ತೆ ಮತ್ತೆ ಹಾಕಿಸಬೇಕು, ಕಾಲ ಕಳೆದಂತೆ ಕರಗಿಯೂ ಹೋಗುತ್ತದೆ. ಎರಡರಲ್ಲೂ ಈ ಚಿತ್ರ ಮಾತ್ರ ಬರುವುದಿಲ್ಲ.

ರಂಜನಿ ಶಸ್ತ್ರಚಿಕಿತ್ಸೆಯನ್ನೇ ಆರಿಸಿದಳು. ತಿಂಗಳುಗಟ್ಟಲೆ ಕಾಯುವ ಶಕ್ತಿ ಅವಳ ಹೊಟ್ಟೆಕಿಚ್ಚಿಗಿರಲಿಲ್ಲ. ಸಮಾರಂಭ ಮುಗಿಸಿಕೊಂಡು ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದನ್ನು ಕೇಳಿಯೂ ಕೇಳದವಳಂತೆ ರಕ್ತಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡು ಎದ್ದಳು.

ಇನ್ನು ಉಳಿದದ್ದು ಕೂರುವ ಮಾತು. ಮುಂಜಿಯಲ್ಲಿ ವಟುವಿನ ತಾಯಿ ತಂದೆ ಬೆಳಗಿನಿಂದ ಮಣೆಯ ಮೇಲೆ ಕೂತಿರಬೇಕು. ಬೆನ್ನು ನೋವೆಂದು ಈಗಲೇ ಸುದ್ದಿ ಹಬ್ಬಿಸಿದರೆ ಕೂರಲು ಸಣ್ಣದೊಂದು ಬೆತ್ತದ ಪೀಠ, ಮೋಡಾ, ಹಾಕಿಕೊಟ್ಟಾರು, ಅದರ ತುದಿಗೆ ತೊಡೆಯೂರಿಕೊಂಡು ಹೇಗೋ ನಿಭಾಯಿಸಬಹುದು ಎಂದು ಅವಳ ಲೆಕ್ಕಾಚಾರ. ಮರುದಿನವೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಡುಗೆಮನೆಗೆ ಬಂದಳು. ಶ್ರೀಪ್ರಿಯಾ ಒಂದು ಮೂಲೆಯಲ್ಲಿ ಕರಿಬೇವು ಬಿಡಿಸುತ್ತಿದ್ದಳು.

"ಮಣೇಲಿ ಕೂರೋಕೆ ಆಗೋದೇ ಇಲ್ವೇನೇ ರಂಜೂ?" ಎಂದರು ಕೌಸಲ್ಯಾ.

"ನೆಲದ ಮೇಲೆ ಬೇಡಾಂತ ಹೇಳಿದಾರೆ ಅತ್ತೆ. ಒಂದು ಮೋಡಾ ಹಾಕ್ಕೊಂಡ್ರೆ…"

"ಹೋಮದ ಮುಂದೆ ಮೋಡಾನಾ? ಆಚಾರ್ರು ಎದ್ದು ಹೋಗ್ತಾರೆ." ಅವರು ತುಸು ಯೋಚಿಸಿದರು. ಅವರ ದನಿಯಲ್ಲಿ ಕರುಣೆಯೇ ಇತ್ತು. "ನೀನು ಮೈ ಕೆಡಿಸ್ಕೋಬೇಡ ಮಾ. ಕಿಟ್ಟು, ಶ್ರೀಪ್ರಿಯಾ ಕೂತ್ಕೊಂಡು ಮಾಡ್ಲಿ. ಚಿಕ್ಕಪ್ಪ ಉಪದೇಶ ಮಾಡಿದ್ರೂ ಆಗತ್ತೆ."

"ಮಾತೃಭೋಜನ?"

"ಅದೂ ಅವಳೇ. ಎಲೆ ಮುಂದೆ ನಿಂತ್ಕೊಂಡು ಉಣ್ಣಿಸ್ತಾರೇನೇ?"

ಜನಿವಾರ ಬೀಳುವ ಮುಂಚೆ ಮಗ ತಾಯಿಯೊಡನೆ ಒಂದೇ ಎಲೆಯಲ್ಲಿ ಉಣ್ಣುವ ಕೊನೆಯ ಊಟ ಅದು. ಕರಿಬೇವು ಬಿಡಿಸುತ್ತಿದ್ದ ಕೈ ನಿಂತಿತ್ತು. ಶ್ರೀಪ್ರಿಯಾಳಿಗೆ ಮಕ್ಕಳಿರಲಿಲ್ಲ. ಅವಳು ತಲೆ ಎತ್ತಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಸಂಜೆ ರಂಜನಿ ಕೆಲಸ ಮುಗಿಸಿ ಬರುವಾಗ ತಾರಸಿಯ ಹಗ್ಗದ ಮೇಲೆ ಒಂದು ಸೀರೆ ಗಾಳಿಗೆ ಹರಡಿತ್ತು. ಅರಿಶಿನ ಬಣ್ಣದ ಒಡಲು, ಕುಂಕುಮದ ಅಂಚು. ಮದುವೆಯ ದಿನ ಉಟ್ಟು ಮಡಿಸಿಟ್ಟಿದ್ದನ್ನು ಶ್ರೀಪ್ರಿಯಾ ಮಣೆಯ ಮೇಲೆ ಕೂರಲೆಂದು ಹೊರತೆಗೆದಿದ್ದಳು. ಗೇಟಿನ ಬಳಿಯೇ ರಂಜನಿಯ ಕಾಲು ನಿಂತಿತು. ಇಷ್ಟು ದಿನ ಅವಳು ಶ್ರೀಪ್ರಿಯಾಳಲ್ಲಿ ಇದ್ದುದಕ್ಕೆ ಉರಿದಿದ್ದಳು. ಈಗ ತನ್ನದೇ ಆದ ಒಂದು ಜಾಗಕ್ಕೆ ಉರಿಯತೊಡಗಿದಳು. ಆ ಉರಿಯ ಮುಂದೆ ಮೊದಲಿನದು ಬರೀ ಬಿಸುಪು.

ಮರುದಿನ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಕ್ಲಿನಿಕ್ಕಿಗೆ ಫೋನು ಮಾಡಿ ಆಪರೇಷನ್ ಬೇಡವೆಂದಳು. ಇಂಜೆಕ್ಷನ್ನಿಗೆ ಹೆಸರು ಹಾಕಲೇ ಎಂದು ಆ ಕಡೆಯ ಹುಡುಗಿ ತಮಿಳಿನಲ್ಲಿ ಕೇಳಿದಳು. ರೈಲು ಬರುತ್ತಿತ್ತು. ಆಮೇಲೆ ಹೇಳುತ್ತೇನೆ ಎಂದಳು ರಂಜನಿ, ಬೇಡ ಎನ್ನಲಿಲ್ಲ.

ಅತ್ತೆಗೆ, ಎಣ್ಣೆ ತಿಕ್ಕಿಸಿಕೊಂಡೆ, ನೋವು ಹೋಯಿತು ಎಂದು ಹೇಳಿದಳು. ಆ ಸಂಜೆ ಹಗ್ಗ ಖಾಲಿಯಿತ್ತು.

ಮುಂಜಿಯ ಬೆಳಿಗ್ಗೆ ಛತ್ರದ ಕೋಣೆಯಲ್ಲಿ ರಂಜನಿ ಎಂದಿನಂತೆ ಕೊನೆಗೆ ಬೆನ್ನು ಮಾಡಿ ನಿಂತಳು. ಹಿಂದಿನಿಂದ ಶ್ರೀಪ್ರಿಯಾಳ ಬೆರಳುಗಳು ಮಡಿಸಿದವು, ಎಳೆದವು, ಸಿಕ್ಕಿಸಿದವು.

"ಬೆನ್ನು ಹೇಗಿದೆ ಅಕ್ಕಾ?"

"ಪೂರ್ತಿ ಹೋಯ್ತು."

"ಬಂದ ಹಾಗೇ ಹೋಯ್ತು, ಅಲ್ವಾ?"

ಈ ಸಲ ನಗು ಕೇಳಲಿಲ್ಲ. ಪಿನ್ನಿನ ಮೊನೆ ಬಟ್ಟೆ ದಾಟಿ ಚರ್ಮಕ್ಕೆ ತಾಗಿತು. ಬೇಕೆಂದು ಚುಚ್ಚಿದ್ದೋ, ಕೈತಪ್ಪಿದ್ದೋ. ಅವಳ ಜಾಗದಲ್ಲಿ ತಾನಿದ್ದಿದ್ದರೆ ಇನ್ನೂ ಆಳಕ್ಕೆ ಚುಚ್ಚುತ್ತಿದ್ದೆ ಎಂದು ರಂಜನಿಗೆ ಎನಿಸಿತು.

ಮಾತೃಭೋಜನಕ್ಕೆ ಒಂದು ಮಣೆ, ಒಂದು ಎಲೆ. ಸಮೀರ್ ಬಂದು ಪಕ್ಕಕ್ಕೆ ತೂರಿಕೊಂಡು, "ಕೊಂಜಂ ತಳ್ಳಿ ಉಕ್ಕಾರುಮಾ" ಎಂದ. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರಿಸುವ ಮಗ. ಅವಳು ತುಸು ಸರಿದಳು. ಅಷ್ಟೇ ಸಾಕಾಯಿತು. ಮಣೆಯ ಮೇಲೆ ಇಬ್ಬರಿಗೂ ಜಾಗವಾಯಿತು.

ತುಪ್ಪ ಬಡಿಸಲು ಶ್ರೀಪ್ರಿಯಾ ಬಂದು ಎಲೆಯ ಮುಂದೆ ಬಾಗಿದಳು. ಮಣೆಯನ್ನೂ ಅವಳ ಸೊಂಟವನ್ನೂ ರಂಜನಿಯ ಕಣ್ಣು ತಾನಾಗಿ ಅಳೆಯಿತು. ಇವಳು ಕೂತಿದ್ದರೆ ಹುಡುಗನಿಗೆ ಜಾಗವೇ ಇರುತ್ತಿರಲಿಲ್ಲ. ಆ ಸಣ್ಣತನ ಎಲೆಯ ಮೇಲಿನ ಪಾಯಸಕ್ಕಿಂತ ಸಿಹಿಯಾಗಿತ್ತು. ಅವಳು ತುತ್ತು ಕಲಸಿ ಎತ್ತಿದಳು.

ಅಷ್ಟರಲ್ಲಿ ಶ್ರೀಪ್ರಿಯಾ ತುಪ್ಪದ ಪಾತ್ರೆ ಹಿಡಿದು ಅಡುಗೆಮನೆಯ ಕಡೆಗೆ ತಿರುಗಿ ನಡೆದಳು. ಪಿನ್ನಿಲ್ಲದ ಕಚ್ಚೆ ಅಲುಗದೆ ನಿಂತಿತ್ತು. ಕ್ಯಾಮೆರಾದವನು ರಂಜನಿಯನ್ನು ಬಿಟ್ಟು ಅತ್ತ ತಿರುಗಿದ. ತುತ್ತು ಹಿಡಿದ ರಂಜನಿಯ ಕೈ ಗಾಳಿಯಲ್ಲೇ ನಿಂತಿತು. ಪಕ್ಕದಲ್ಲಿ ಸಮೀರ್ ಬಾಯಿ ತೆರೆದುಕೊಂಡು ಕಾಯುತ್ತಿದ್ದ.