ದಿಕ್ಕು ಮೊದಲೋ, ಮಾತು ಮೊದಲೋ

ನನ್ನ ಪಿಎಚ್‌ಡಿಗೆ ಗೈಡ್ ಆಗಿದ್ದ ಮೇಡಂ ಅವರ ಒಂದು ಹುಬ್ಬು ಅಚ್ಚ ಬಿಳಿ, ಇನ್ನೊಂದು ಕಡುಗಪ್ಪು. ಬಣ್ಣ ಹಚ್ಚಿ ಎರಡನ್ನೂ ಒಂದು ಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ. ಆ ಬಿಳಿ ಹುಬ್ಬನ್ನು ಏರಿಸಿ ಇಳಿಸಿದರೆ ಎಂಥ ಹಟಮಾರಿ ಮಗುವೂ ಅಳು ನಿಲ್ಲಿಸಿ ಅವರ ಮುಂದೆ ಬಂದು ಕೂರುತ್ತಿತ್ತು. ನಮಗೆ ಬೇಕಾಗಿದ್ದದ್ದೂ ಅದೇ.

ಮಗುವಿಗೆ ಜಾಗದ ತಿಳಿವಳಿಕೆ ಮೊದಲು ಬರುತ್ತದೋ, ಅದನ್ನು ಹೇಳುವ ಮಾತು ಮೊದಲು ಬರುತ್ತದೋ ಎಂಬುದು ಅವರ ಜೀವಮಾನದ ಪ್ರಶ್ನೆ. ಅದಕ್ಕಾಗಿ ಉಪ್ಪಲ್‌ನಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿದ್ದ ಕಡೆ, ಕೂಲಿಯವರ ತಗಡಿನ ಶೆಡ್ಡುಗಳಿಗೆ ಹೋಗುತ್ತಿದ್ದೆವು. ಎಲ್ಲ ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರು. ಅವರು ಮನೆಯೊಳಗೂ ಎಡ, ಬಲ ಅನ್ನುವುದು ಕಡಿಮೆ. ಒಮ್ಮೆ ಒಬ್ಬ ತಾಯಿ ಒಲೆಯ ಮುಂದಿನಿಂದಲೇ ಮಗಳಿಗೆ, "ಲೇ, ಮೂಡಲಕ ಸರಿ, ಚಾ ಚೆಲ್ಲತೈತಿ" ಎಂದಳು. ಕಿಟಕಿಯೇ ಇಲ್ಲದ ಆ ಶೆಡ್ಡಿನಲ್ಲಿ ನಾಲ್ಕು ವರ್ಷದ ಹುಡುಗಿ ಸರಿಯಾಗಿ ಪೂರ್ವಕ್ಕೇ ಸರಿದಳು. ಮೇಡಂ ಖುಷಿಗೆ ನನ್ನ ತೊಡೆ ಚಿವುಟಿದರು. ಅವರ ಖುಷಿಗೆಲ್ಲ ನನ್ನ ತೊಡೆಯೇ ಆಗಬೇಕಿತ್ತು.

ಮೇಡಂ ಧಾರವಾಡದವರು, ಸಿಟ್ಟು ಮೂಗಿನ ತುದಿಯಲ್ಲೇ. ನಾನು ಎಂದಾದರೂ ಈ ಮಗು ತಪ್ಪು ಮಾಡಿತು ಎಂದು ಬಾಯಿಬಿಟ್ಟರೆ ಮುಗಿಯಿತು. "ಕೂಸು ತಪ್ಪಂಗಿಲ್ಲವಾ. ನೀ ಕೇಳಿದ್ದು ತಪ್ಪಿರ್ತೈತಿ. ಮತ್ತ ಕೇಳು." ಹೀಗೆ ಮತ್ತೆ ಮತ್ತೆ ಕೇಳಿಸಿ ನನ್ನ ಪ್ರಾಣ ತಿಂದರು. ನಾನು ಏನಾದರೂ ಕಲಿತಿದ್ದರೆ ಆ ಹಿಂಸೆಯಿಂದಲೇ.

ನಮ್ಮ ಪರೀಕ್ಷೆ ಒಂದು ಆಟ. ಮೇಜಿನ ಮೇಲೆ ಕಟ್ಟಿಗೆಯ ಎತ್ತು, ಕುದುರೆ, ಆಡು ಸಾಲಾಗಿ ನಿಂತಿರುತ್ತವೆ. ಮಗು ಅದನ್ನು ನೋಡಿಕೊಂಡು, ಹಿಂದಕ್ಕೆ ತಿರುಗಿ, ಇನ್ನೊಂದು ಮೇಜಿನ ಮೇಲೆ ಹಾಗೇ ನಿಲ್ಲಿಸಬೇಕು. ಮಗುವಿನ ಸರದಿ ಮುಗಿದ ಮೇಲೆ ಮೇಡಂ ಸರದಿ. ಆಗ ಮಗು ಸಾಲು ಹಚ್ಚುತ್ತಿತ್ತು, ಮೇಡಂ ತಿರುಗಿ ಬೇಕೆಂದೇ ಎಡವಟ್ಟು ಮಾಡಿ ನಗಿಸುತ್ತಿದ್ದರು.

ಒಂದು ದಿನ ಮೇಡಂ ಎಂದಿನಂತೆ ತಿರುಗಿದರು. ಕೈಯಲ್ಲಿ ಎತ್ತು ಹಿಡಿದು ಸುಮ್ಮನೆ ನಿಂತರು. ಮಕ್ಕಳು ಕಿಲಕಿಲ ನಕ್ಕವು, ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ. ಎತ್ತನ್ನು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಇಟ್ಟು ಮತ್ತೆ ಎತ್ತಿಕೊಂಡರು. ಹೊರಗೆ ಬಂದ ಮೇಲೆ, ಎದುರಿಗೇ ಬಸ್ಸುಗಳು ಓಡಾಡುತ್ತಿದ್ದಾಗ, ತಣ್ಣಗೆ ಕೇಳಿದರು: "ರೋಡ್ ಯಾವ ಕಡೆ ಐತಿ?"

ಎರಡು ವರ್ಷದಿಂದ ನಾವು ಬರುತ್ತಿದ್ದ ದಾರಿ ಅದು.

ಆಟೋದಲ್ಲಿ ಕೂತ ಮೇಲೆ ತಾವೇ ಹೇಳಿದರು. ಮರೆವಿನ ರೋಗ, ಬೇಗ ಬೆಳೆಯುವ ಜಾತಿಯದು. "ಡಾಕ್ಟರ್ ಹೇಳಿ ಭಾಳ ದಿನ ಆತು. ನಿನಗ ಹೇಳಾಕ ಬಾಯಿ ಬರವಲ್ದಾಗಿತ್ತು." ಅವರು ಕೆಲಸದ ಮಾತಿಗೇ ಇಳಿದರು. "ಇಷ್ಟು ದಿನ ಯಾವುದು ಮೊದಲು ಬರ್ತೈತಿ ಅಂತ ನೋಡಿದ್ವಿ. ಈಗ ಯಾವುದು ಮೊದಲು ಹೋಗ್ತೈತಿ, ನೋಡು. ವಾರಕ್ಕೊಮ್ಮೆ ಮನೀಗೆ ಬಂದು ನನ್ನ ಆಟಕ್ಕ ಕುಂದರಸು."

"ನಿಮ್ಮನ್ನ ಕೂಸಿನಂಗ ಕುಂದರಸ್ಲೇನ್ರಿ? ನನ್ನ ಕೈಲಿ ಆಗಂಗಿಲ್ರಿ!" ನಾನು ಕೂಗಿದ್ದಕ್ಕೆ ಆಟೋದವನು ತಿರುಗಿ ನೋಡಿದ.

"ಬಂದವ್ರೆಲ್ಲ ಅಯ್ಯೋ ಪಾಪ ಅಂತ ನೋಡ್ತಾರ. ನೀನರ ಕೆಲಸ ಅಂತ ನೋಡವಾ" ಎಂದರು. ಆ ದನಿಯಲ್ಲಿ ಜೋರಿರಲಿಲ್ಲ. ಮೊದಲ ಸಲ ಅವರು ನನ್ನನ್ನು ಬೇಡಿಕೊಂಡಿದ್ದರು.

ಹೋದೆ. ಮೆಹದಿಪಟ್ಟಣಂನ ಮನೆಯಲ್ಲಿ ಅವರ ತಂಗಿ ಚಹಾ ತಂದಿಟ್ಟು ಒಳಗೆ ಹೋಗಿಬಿಡುತ್ತಿದ್ದರು, ನೋಡಲಾರದೆ. ಮೊದಲು ಹೋದದ್ದು ದಿಕ್ಕು. "ಮೂಡಲ" ಎಂದು ಬಾಯಿ ಸ್ಪಷ್ಟವಾಗಿ ಹೇಳುತ್ತಿತ್ತು, ಬೆರಳು ಎತ್ತೆತ್ತಲೋ ಹೋಗುತ್ತಿತ್ತು. ಆಮೇಲೆ ಪ್ರಾಣಿಗಳ ಹೆಸರು ಹೋದವು. ಪ್ರತಿ ವಾರ ಅವರ ಮನೆಯ ಮೆಟ್ಟಿಲಿಳಿದು ನಿಂತು, ಇವತ್ತು ಕಂಡದ್ದು ನಿಜವೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಒಂದು ವಾರವೂ ತಪ್ಪಿಸಲಿಲ್ಲ.

ಅವರು ತೀರಿಕೊಂಡ ಮೇಲೆ ನನಗೆ ಡಿಗ್ರಿ ಬಂತು. ಮೌಖಿಕ ಪರೀಕ್ಷೆಯ ದಿನ, ನಿಮ್ಮ ಕೊನೆಯ ಅಧ್ಯಾಯ ಅಪೂರ್ವವಾಗಿದೆ ಎಂದರು ಪರೀಕ್ಷಕರು. ನಾನು ನೀರು ಕುಡಿದೆ. ಮೇಡಂ ಮನೆಯ ವಾರಗಳೇ ಆ ಅಧ್ಯಾಯ. ಕೊನೆಯ ಭೇಟಿಯಲ್ಲಿ ನಡೆದದ್ದು ಮಾತ್ರ ಅದರಲ್ಲಿ ಇರಲಿಲ್ಲ.

ಅವತ್ತು ಅವರು ಒಂದೂ ಉತ್ತರ ಕೊಡಲಿಲ್ಲ. ಅವರು ಕಲಿಸಿದ ಹಾಗೇ ನಾನು ಬೇಸರ ತೋರಿಸದೆ, ಪ್ರಶ್ನೆ ಬದಲಿಸಿ ಬದಲಿಸಿ ಕೇಳಿದೆ. ಅವರು ನನ್ನ ಮುಖ ನೋಡಿದರು.

"ಭಾಳ ಚಲೋ ಕೇಳ್ತಿ ತಂಗಿ. ಯಾರ ಕಡೆ ಕಲತಿ?"

"ನಿಮ್ಮ ಕಡೇನ ಕಲತೀನ್ರಿ."

ಮನೆಗೆ ಬಂದ ಅಪರಿಚಿತರ ಮುಂದೆ ನಗುವ ಹಾಗೆ ಸಂಕೋಚದಿಂದ ನಕ್ಕರು. "ಇಲ್ಲವಾ. ನನಗ ಇದೆಲ್ಲ ಎಲ್ಲಿ ಬರ್ತೈತಿ."