ಹಿಂದಿರುಗಿಸದ ಸಲಾಂ

ಅಪ್ಪ ವಿಸಿಟ್ ವೀಸಾದಲ್ಲಿ ದೋಹಾಕ್ಕೆ ಬಂದ ವಾರವೇ ನಾನೊಂದು ಎಡವಟ್ಟು ಮಾಡಿದೆ. ಅವರ ಯೂನಿಫಾರ್ಮಿನ ಹಳೇ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಬಾಗಿಲು ತೆಗೆದ ಕೂಡಲೇ ಕಾಣುವಂತೆ ಹಾಲ್‌ನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಹುರಿಮೀಸೆ, ಎದೆಯ ಮೇಲೆ ರಿಬ್ಬನ್ನುಗಳ ಸಾಲು. ಅಪ್ಪ ಕೊಡಗಿನವರು. ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಕೈಮುಗಿಯುವ ಮನೆಯವರು. ಅಂಥ ಮನೆಗಳಲ್ಲಿ ಸೈನ್ಯಕ್ಕೆ ಹೋದವರ ಫೋಟೋ ಹಾಲ್‌ನಲ್ಲೇ ಇರಬೇಕು. ಇಲ್ಲೂ ಹಾಗೇ ಎಂದುಕೊಂಡೆ.

ನಾವಿರುವುದು ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಎದುರು ಫ್ಲ್ಯಾಟಿನವರು ಪಾಕಿಸ್ತಾನದವರು. ಆ ಮನೆಯ ಸೊಸೆ ನನಗೆ ಏಳು ವರ್ಷದಿಂದ ಗೆಳತಿ. ನನಗೆ ಕೋವಿಡ್ ಆದಾಗ ಎರಡು ವಾರ ಬಾಗಿಲ ಮುಂದೆ ಸೂಪಿನ ಪಾತ್ರೆ ಇಟ್ಟು, ಬೆಲ್ ಒತ್ತಿ ಓಡಿಹೋಗುತ್ತಿದ್ದವಳು ಅವಳು. ಆ ಚಳಿಗಾಲ ಅವಳ ಮಾವನೂ ಊರಿನಿಂದ ಬಂದಿದ್ದರು. ತೆಳ್ಳಗೆ, ನೆಟ್ಟಗೆ ನಿಲ್ಲುವ ಮುದುಕರು. ಅವರೂ ಸೈನ್ಯದಲ್ಲಿದ್ದವರು ಎಂದಷ್ಟೇ ಗೊತ್ತಿತ್ತು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅಪ್ಪನ ಮಿಲಿಟರಿ ಹಿಂದಿಗೂ ಅವರ ಉರ್ದುವಿಗೂ ಬೇಗ ಹೊಂದಿಕೆಯಾಯಿತು. ಇಬ್ಬರೂ ದಿನಾ ಸಂಜೆ ಪಾರ್ಕಿಗೆ ಹೋಗಿ ಮಂಡಿನೋವಿನ ಬಗ್ಗೆ ಮಾತಾಡಿಕೊಂಡು ಬರುತ್ತಿದ್ದರು.

ಒಂದೇ ವಿಷಯಕ್ಕೆ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ದೋಹಾದಲ್ಲಿ ಲಿಫ್ಟ್ ಹತ್ತಿದರೂ ಸಲಾಂ, ಅಂಗಡಿಗೆ ಹೋದರೂ ಸಲಾಂ. ಯಾರು ಹೇಳಿದರೂ ತಿರುಗಿ ಹೇಳುವುದು ಇಲ್ಲಿನ ರೂಢಿ. ಅಪ್ಪ ಮಾತ್ರ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. "ಒಂದು ಮಾತು ಆಡಿದ್ರೆ ಬಾಯಿ ಸವೆದು ಹೋಗುತ್ತಾ?" ಎಂದು ನಾನು ಬೈದರೆ, "ಅಭ್ಯಾಸ ಇಲ್ಲ" ಎನ್ನುತ್ತಿದ್ದರು.

ಒಂದು ದಿನ ಚಾಚಾ ಕಾಫಿಗೆಂದು ಒಳಗೆ ಬಂದರು. ಫೋಟೋದ ಮುಂದೆ ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನಿಂತರು. ರಿಬ್ಬನ್ನುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ "ಬಹುತ್ ಖೂಬ್" ಎಂದು, ಫೋಟೋಗೆ ಬೆನ್ನು ಹಾಕಿ ಕೂತರು. ನನಗೆ ಏನೂ ಹೊಳೆಯಲಿಲ್ಲ. ಮಾರನೇ ದಿನ ಗೆಳತಿ ನನ್ನನ್ನು ಲಿಫ್ಟಿನ ಹತ್ತಿರ ನಿಲ್ಲಿಸಿದಳು. ನಾವು ಮಾತಾಡಿಕೊಳ್ಳುವುದು ಹಿಂದಿಯಲ್ಲಿ. ಅವಳಿಗೆ ನಾನು ಬಾಜಿ, ಅಂದರೆ ಅಕ್ಕ; ಮಾವ ಅಬ್ಬಾಜಿ.

"ಬಾಜಿ, ಅಬ್ಬಾಜಿ ಎಪ್ಪತ್ತೊಂದರ ಯುದ್ಧದಲ್ಲಿ ಸೆರೆ ಸಿಕ್ಕಿ ನಿಮ್ಮ ದೇಶದಲ್ಲಿದ್ದರು, ಎರಡು ವರ್ಷ. ಬಿಡುಗಡೆಯಾಗಿ ಊರಿಗೆ ಹೋದಾಗ ಅವರ ತಂದೆಯೇ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಕೈ ಎತ್ತಿ ಬಂದವನು ಅಂತ. ನನ್ನ ಗಂಡನಿಗೂ ಇದು ಗೊತ್ತಿಲ್ಲ. ಆಗ ಕ್ವೆಟ್ಟಾದ ಮಿಲಿಟರಿ ಸ್ಟೋರಿನಲ್ಲಿದ್ದೆ ಅಂತಲೇ ಅಬ್ಬಾಜಿ ಹೇಳ್ತಾರೆ. ಅತ್ತೆ ಸಾಯೋ ಮುಂಚೆ ನನಗೊಬ್ಬಳಿಗೆ ಹೇಳಿದ್ರು. ನಿಮ್ಮ ತಂದೆ ಆ ಮಾತು ಎತ್ತದ ಹಾಗೆ ನೋಡ್ಕೊಳ್ಳಿ."

ಅವಳು ಹೇಳಿ ಹೋದಳು. ನಾನು ಲಿಫ್ಟಿನ ಗುಂಡಿ ಒತ್ತುವುದನ್ನೂ ಮರೆತು ಅಲ್ಲೇ ನಿಂತೆ. ಏಕೆಂದರೆ ಅಪ್ಪನ ಹತ್ತಿರ ಇದ್ದದ್ದೇ ಒಂದು ಕಥೆ. ಹಬ್ಬಕ್ಕೆ ಬಂದವರಿಗೆ, ಮದುವೆಯಲ್ಲಿ ಪಕ್ಕ ಕೂತವರಿಗೆ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಅದನ್ನು ಹೇಳಿದ್ದಾರೆ.

ಎಪ್ಪತ್ತೊಂದರಲ್ಲಿ ಪೂರ್ವದ, ಈಗಿನ ಬಾಂಗ್ಲಾದೇಶದ, ಯುದ್ಧ ಮುಗಿಸಿದ ಅಪ್ಪನನ್ನು ಉತ್ತರದಲ್ಲಿ ಪಾಕಿಸ್ತಾನಿ ಕೈದಿಗಳ ಒಂದು ಕ್ಯಾಂಪಿನ ಕಾವಲಿಗೆ ಹಾಕಿದ್ದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಆಯುಧ ಇಲ್ಲದವನ ಮೈ ಮುಟ್ಟಬಾರದು, ಅವನು ಉಂಡಮೇಲೆ ನಾವು ಉಣ್ಣಬೇಕು ಎಂದು ಮನೆಯ ಹಿರಿಯರು ಹೇಳಿ ಕಳಿಸಿದ್ದರು. ಅಪ್ಪ ಅದನ್ನು ಅಕ್ಷರಶಃ ಪಾಲಿಸಿದರು. ಕೈದಿಯೊಬ್ಬನಿಗೆ ಕೋಲು ಎತ್ತಿದ ಜೊತೆಯವನ ಕೈ ಹಿಡಿದು ನಿಲ್ಲಿಸಿದರು. ಅದೇ ಹಿರಿಯರು ಇನ್ನೊಂದನ್ನೂ ಕಲಿಸಿದ್ದರು: ಕೋವಿ ಕೆಳಗಿಟ್ಟವನು ಗಂಡಸಲ್ಲ. ದಿನಾ ಬೆಳಿಗ್ಗೆ ಎಣಿಕೆ ಮುಗಿದ ಮೇಲೆ ಕೈದಿಯಾಗಿದ್ದ ಹವಾಲ್ದಾರನೊಬ್ಬ ಅಪ್ಪನ ಮುಂದೆ ಬಂದು "ಸಲಾಂ, ಸಾಬ್" ಎನ್ನುತ್ತಿದ್ದನಂತೆ. ವಯಸ್ಸಿನಲ್ಲಿ ಅಪ್ಪನಿಗಿಂತ ಎಷ್ಟೋ ದೊಡ್ಡವನು. ಅಪ್ಪ ಮುಖ ತಿರುಗಿಸುತ್ತಿದ್ದರು. ಹದಿನಾಲ್ಕು ತಿಂಗಳು, ಒಂದು ದಿನವೂ ಉತ್ತರಿಸಲಿಲ್ಲ. "ಅನ್ನ ಕೊಟ್ಟೆ, ಕಂಬಳಿ ಕೊಟ್ಟೆ, ಸಲಾಂ ಕೊಡಲಿಲ್ಲ" ಎಂದು ಮೀಸೆಯ ಮೇಲೆ ಕೈಯಾಡಿಸಿ ಕಥೆ ಮುಗಿಸುತ್ತಿದ್ದರು. ಹವಾಲ್ದಾರನ ದನಿಯನ್ನು ಅನುಕರಿಸಿ ತೋರಿಸುತ್ತಿದ್ದರು. ನಾವು ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

ಇದನ್ನು ಅಪ್ಪ ಚಾಚಾನ ಮುಂದೆ ಹೇಳಿಬಿಟ್ಟರೆ? ಐವತ್ತು ವರ್ಷ ಮಗನಿಂದಲೂ ಮುಚ್ಚಿಟ್ಟುಕೊಂಡು ಬದುಕಿದ ಮನುಷ್ಯ ಪಾರ್ಕಿನ ಬೆಂಚಿನ ಮೇಲೆ ಕೂತು ಅದನ್ನು ಕೇಳಬೇಕು. ಅಪ್ಪನಿಗೆ ವಿಷಯ ತಿಳಿಸೋಣವೆಂದರೆ ಇನ್ನೊಂದು ಭಯ. ತಿಳಿದ ಮೇಲೆ ಇವರಿಗೂ ಮುಖ ತಿರುಗಿಸಿಬಿಟ್ಟರೆ? ನಾನು ಹೇಳಲಿಲ್ಲ. ಬದಲಿಗೆ ಫೋಟೋ ಇಳಿಸಿ ಬೀರುವಿನ ಹಿಂದೆ ಇಟ್ಟೆ. ಕಟ್ಟು ಸಡಿಲವಾಗಿತ್ತು ಎಂದು ಸುಳ್ಳು ಹೇಳಿದೆ. ಅಪ್ಪ ಖಾಲಿ ಮೊಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಟೀವಿ ಹಾಕಿಕೊಂಡರು.

ಅಲ್ಲಿಂದ ಮುಂದೆ ಸಂಜೆಯಾಯಿತೆಂದರೆ ನನ್ನ ಗಮನವೆಲ್ಲ ಪಾರ್ಕಿನ ಕಡೆಗೆ. ಆಫೀಸಿನಲ್ಲಿ ಮೀಟಿಂಗಿನ ನಡುವೆ ಗಡಿಯಾರ ನೋಡುತ್ತಿದ್ದೆ. ಐದು ಗಂಟೆ, ಈಗ ಹೊರಟಿರುತ್ತಾರೆ. ಆರು, ಈಗ ಬೆಂಚಿನ ಮೇಲೆ ಕೂತಿರುತ್ತಾರೆ. ಮನೆಗೆ ಬಂದು ಅಪ್ಪನ ಮುಖ ಹುಡುಕುತ್ತಿದ್ದೆ. "ಏನು ಮಾತಾಡಿದ್ರಿ?" ಎಂದರೆ "ಬಿಪಿ ಮಾತ್ರೆ" ಎನ್ನುತ್ತಿದ್ದರು. ಎರಡು ಸಲ ನಾನೇ ಅವರ ಹಿಂದೆ ಪಾರ್ಕಿಗೆ ಹೋಗಿ ಮಧ್ಯೆ ಕೂತೆ. ಎಷ್ಟು ಕೆಟ್ಟದಾಗಿ ನಟಿಸಿದೆನೆಂದರೆ ಚಾಚಾ "ಬೇಟಿಗೆ ಹುಷಾರಿಲ್ಲವಾ?" ಎಂದು ಕೇಳಿದರು.

ಅಪ್ಪ ಊರಿಗೆ ಹೊರಡುವ ಮುಂಚಿನ ಶುಕ್ರವಾರ ಎದುರು ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕರೆದರು. ಬೇಡವೆನ್ನಲು ನೂರು ನೆಪ ಹುಡುಕಿದೆ. ಯಾವುದೂ ಸರಿಹೋಗಲಿಲ್ಲ. ನೆಲಕ್ಕೆ ಹಾಸಿದ ಬಟ್ಟೆಯ ಸುತ್ತ ಎಲ್ಲರೂ ಕೂತೆವು. ಬಿರಿಯಾನಿಯ ತಟ್ಟೆ ಬಂತು. ಗೆಳತಿಯ ಗಂಡ ಒಳ್ಳೆಯ ಮನುಷ್ಯ, ಮಾತುಗಾರ. ಅತಿಥಿ ಸುಮ್ಮನೆ ಕೂರಬಾರದೆಂದು ಅವನೇ ಶುರುಮಾಡಿದ. "ಅಂಕಲ್, ನೀವೂ ಫೌಜಿ ಅಲ್ವಾ? ನಮ್ಮ ಅಬ್ಬಾಜಿ ಎಪ್ಪತ್ತೊಂದರಲ್ಲಿ ಕ್ವೆಟ್ಟಾದ ಸ್ಟೋರಿನಲ್ಲಿ ಬೂಟು ಎಣಿಸ್ತಾ ಇದ್ರಂತೆ, ಯುದ್ಧ ನೋಡಲೇ ಇಲ್ಲ. ನೀವೆಲ್ಲಿದ್ರಿ?"

ಬಡಿಸುತ್ತಿದ್ದ ಗೆಳತಿಯ ಕೈ ನಿಂತಿತು. ಚಾಚಾ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅಪ್ಪನ ಮೊಣಕೈ ತಿವಿಯೋಣವೆಂದರೆ ಕೈ ಅಷ್ಟು ದೂರ ಹೋಗುತ್ತಿರಲಿಲ್ಲ.

"ನಾನಾ?" ಎಂದರು ಅಪ್ಪ. "ನಾನು ಲಂಗರಿನಲ್ಲಿದ್ದೆ. ಅಡುಗೆಮನೇಲಿ. ಈರುಳ್ಳಿ ಹೆಚ್ಚಿಕೊಂಡು. ಯುದ್ಧ ಎಲ್ಲಿ ನೋಡಿದೆ ನಾನು."

ಈರುಳ್ಳಿ ಹೆಚ್ಚಲು ಬಾರದ ನನ್ನಪ್ಪ. ಆ ಯುದ್ಧವನ್ನು ಬಿಟ್ಟರೆ ಬೇರೆ ಹೆಮ್ಮೆಯೇ ಇಲ್ಲದ ನನ್ನಪ್ಪ. ಚಾಚಾ ಈಗ ತಲೆಯೆತ್ತಿದರು. ಆ ಫೋಟೋದ ಒಂದೊಂದು ರಿಬ್ಬನ್ನನ್ನೂ ಓದಿದ್ದವರು, ಯಾವುದು ಯಾವ ಯುದ್ಧದ್ದೆಂದು ಬಲ್ಲವರು. ಅಪ್ಪನನ್ನೇ ನೋಡಿದರು. ಆಮೇಲೆ ನಡುವಿನ ತಟ್ಟೆಯಿಂದ ದೊಡ್ಡ ಮಾಂಸದ ತುಂಡೊಂದನ್ನು ಆರಿಸಿ ಅಪ್ಪನ ತಟ್ಟೆಗೆ ಇಟ್ಟರು.

ಹೊರಡುವಾಗ ಅಪ್ಪ ಹೊಸ್ತಿಲ ಬಳಿ ಚಪ್ಪಲಿ ಮೆಟ್ಟಿ, ಹಿಂದಿರುಗಿ ನಿಂತರು. "ಸಲಾಂ, ಸಾಬ್" ಎಂದರು. ಹವಾಲ್ದಾರನದೆಂದು ನಮಗೆ ತೋರಿಸುತ್ತಿದ್ದ ಅದೇ ದನಿ. ಈ ಸಲ ಅಣಕ ಇರಲಿಲ್ಲ. ಚಾಚಾ ಸೋಫಾದ ಕೈ ಹಿಡಿದು, ಮಂಡಿ ನೋಯುತ್ತಿದ್ದರೂ ಪೂರ್ತಿ ಎದ್ದು ನಿಂತು, "ವಾಲೈಕುಂ ಸಲಾಂ, ಸಾಬ್" ಎಂದರು.

ಮನೆಗೆ ಬಂದು ಅಪ್ಪ ಖಾಲಿ ಮೊಳೆಯ ಕೆಳಗೆ ಕುರ್ಚಿಯಲ್ಲಿ ಕೂತರು. "ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಮೊದಲನೇ ದಿನವೇ. ಪಾರ್ಕಿನ ಗೇಟಲ್ಲಿ ಟೀಚರೊಬ್ಬಳು ಸ್ಕೂಲ್ ಮಕ್ಕಳನ್ನ ಎಣಿಸ್ತಿದ್ದಳು. ಇವರು ನಡೀತಿದ್ದವರು ನಿಂತುಬಿಟ್ರು, ಎರಡೂ ಕೈ ಪಕ್ಕಕ್ಕಿಟ್ಟು, ಕ್ಯಾಂಪಿನಲ್ಲಿ ಎಣಿಕೆಗೆ ನಿಲ್ತಿದ್ದ ಹಾಗೆ. ಎಣಿಕೆ ಮುಗಿಯೋ ತನಕ ಅಲ್ಲಾಡಲಿಲ್ಲ."

ಅಪ್ಪ ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

"ಆ ಹವಾಲ್ದಾರ ಹದಿನಾಲ್ಕು ತಿಂಗಳು ದಿನಾ ಹೇಳಿದ, ಮಗಾ. ನಾನು ಇವತ್ತು ಒಂದೇ ಸಲ ಹೇಳಿದೆ. ಇವರು ಎದ್ದು ನಿಂತ್ರು."